ಅರಮನೆಯ ನೆಲಕ್ಕೆ ನೀರೇ ಹಗೆ

ಮೊದಲ ಮಹಾಯುದ್ಧದ ನಂತರ, 1919ರಲ್ಲಿ, ಜರ್ಮನಿಯೊಡನೆ ಒಪ್ಪಂದಕ್ಕೆ ಸಹಿ ಬಿದ್ದದ್ದು ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ. ಅದನ್ನು ನೋಡಲು ಹೋದವರ ಕಣ್ಣು ಕನ್ನಡಿಗಳ ಸಭಾಂಗಣದ ಮೇಲೆ, ತೂಗುದೀಪಗಳ ಮೇಲೆ, ಚಾವಣಿಯ ಚಿತ್ರಗಳ ಮೇಲೆ ನಿಲ್ಲುತ್ತದೆ. ಕಾಲಡಿಯ ಮರದ ನೆಲವನ್ನು ಗಮನಿಸುವವರು ಕಡಿಮೆ. ಈ ಅರಮನೆಯಲ್ಲಿ ಮರದ ನೆಲ ಬಂದದ್ದರ ಹಿಂದೆ ನೀರಿನ ಕಾಟದ ಕಥೆಯಿದೆ.

ದೊರೆ 14ನೇ ಲೂಯಿ 1682ರಲ್ಲಿ ತನ್ನ ಆಸ್ಥಾನವನ್ನು ವರ್ಸೇಲ್ಸ್‌ಗೆ ಸಾಗಿಸಿದ. ಮೇಲಂತಸ್ತಿನ ಕೋಣೆಗಳಿಗೆ ಅಮೃತಶಿಲೆ ಹಾಸಲಾಗಿತ್ತು. ಅಮೃತಶಿಲೆಯನ್ನು ಮೇಲಿಂದ ಮೇಲೆ ತೊಳೆಯಬೇಕು. ತೊಳೆದ ನೀರು ಕಲ್ಲುಗಳ ಸಂದಿನಿಂದ ಇಳಿದು ಕೆಳಗಿನ ಮರದ ತೊಲೆಗಳನ್ನು ಸೇರುತ್ತಿತ್ತು. ತೊಲೆಗಳು ಕೊಳೆಯತೊಡಗಿದವು. 1684ರಲ್ಲಿ ಅಮೃತಶಿಲೆಯನ್ನು ಕಿತ್ತು, ಆ ಜಾಗದಲ್ಲಿ ಓಕ್ ಮರದ ಚೌಕಗಳನ್ನು ಓರೆಯಾಗಿ ಕೂರಿಸಿದರು. ಇಂಥ ನೆಲಕ್ಕೆ ‘ಪಾರ್ಕೆ’ ಎಂದು ಹೆಸರು.

ನೀರಿನಿಂದ ಕೆಟ್ಟದ್ದು ಮರ. ಪರಿಹಾರವಾಗಿ ಬಂದದ್ದೂ ಮರವೇ! ಆದರೆ ಇದರಲ್ಲಿ ಲೆಕ್ಕಾಚಾರವಿತ್ತು. ಮರದ ನೆಲವನ್ನು ನೀರು ಸುರಿದು ತೊಳೆಯಬೇಕಾಗಿಲ್ಲ. ಮೇಣ ಹಚ್ಚಿ ಉಜ್ಜಿದರೆ ಸಾಕು.

ಮರದ ಸ್ವಭಾವ

ಕಡಿದು ಒಣಗಿಸಿದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಹೀರಿದಾಗ ಹಲಗೆ ಉದ್ದಕ್ಕೆ ಬೆಳೆಯುವುದು ಅತ್ಯಲ್ಪ, ಅಗಲಕ್ಕೆ ಉಬ್ಬುವುದೇ ಹೆಚ್ಚು. ಹಲಗೆಯ ಕೆಳಭಾಗ ನೆನೆದು ಮೇಲ್ಭಾಗ ಒಣಗಿದ್ದರೆ ಅಂಚುಗಳು ಮೇಲೇಳುತ್ತವೆ, ನಡು ತಗ್ಗುತ್ತದೆ. ಮರದ ತೇವಾಂಶ ಶೇಕಡಾ 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಸಾಮಾನ್ಯವಾಗಿ ಎಡೆಯಿಲ್ಲ. ಅದನ್ನು ಮೀರಿ ಬಹುಕಾಲ ನಿಂತರೆ ಮರ ಹುಡಿಯಾಗುತ್ತದೆ. ಆದ್ದರಿಂದ ಚೆಲ್ಲಿದ ನೀರಿಗಿಂತ, ಒರೆಸದೆ ಉಳಿದ ನೀರು ಅಪಾಯಕಾರಿ.

ಬಡಗಿಗಳು ಈ ಸ್ವಭಾವವನ್ನು ಅರಿತಿದ್ದರು. ವರ್ಸೇಲ್ಸ್‌ನ ಚೌಕಗಳು ಒಂದೇ ಅಗಲ ಹಲಗೆಯಲ್ಲ. ಚಿಕ್ಕ ಚಿಕ್ಕ ಪಟ್ಟಿಗಳನ್ನು ಒಂದರೊಳಗೊಂದು ಸಿಕ್ಕಿಸಿ ಹೆಣೆದಂತೆ ಜೋಡಿಸಿದವು. ಚಿಕ್ಕ ಪಟ್ಟಿ ಉಬ್ಬುವುದೂ ಕಡಿಮೆ, ಕುಗ್ಗುವುದೂ ಕಡಿಮೆ.

ಕಾಲಿಗೆ ಕಟ್ಟಿದ ಬ್ರಷ್

ನೀರನ್ನು ದೂರವಿಟ್ಟ ಈ ನೆಲ ಮನುಷ್ಯನ ಶ್ರಮವನ್ನು ಬೇಡಿತು. ಫ್ರಾನ್ಸಿನ ಸಿರಿವಂತರ ಮನೆಗಳಲ್ಲಿ ‘ಫ್ರೊತರ್’ ಎಂಬ ಕೆಲಸಗಾರರಿದ್ದರು. ಉಜ್ಜುವವರು ಎಂಬುದೇ ಆ ಮಾತಿನ ಅರ್ಥ. ನೆಲಕ್ಕೆ ಮೇಣ ಹಚ್ಚಿ, ಪಾದಕ್ಕೆ ಬ್ರಷ್ ಕಟ್ಟಿಕೊಂಡು, ಕುಣಿಯುವವರಂತೆ ಹಿಂದೆ ಮುಂದೆ ಜಾರುತ್ತ ಹೊಳಪು ಬರಿಸುವುದು ಅವರ ಕಸುಬು. ಅತಿಥಿಗಳು ಮೆಚ್ಚುತ್ತಿದ್ದ ಮಿನುಗು ಇವರ ಬೆವರಿನದು.

ಅಂಥ ದುಡಿಮೆ ಕಲೆಯ ವಸ್ತುವಾಗಲು ಯೋಗ್ಯವೇ ಎಂಬ ಪ್ರಶ್ನೆಯೂ ಎದ್ದಿತು. ಮರದ ನೆಲವನ್ನು ಹೆರೆದು ಸಮ ಮಾಡುತ್ತಿರುವ ಮೂವರು ಬರಿಮೈ ಕೂಲಿಗಳನ್ನು ಗುಸ್ತಾವ್ ಕಾಯ್ಬೋತ್ 1875ರಲ್ಲಿ ಚಿತ್ರಿಸಿದ. ಪ್ಯಾರಿಸ್ಸಿನ ಅಧಿಕೃತ ಪ್ರದರ್ಶನದ ತೀರ್ಪುಗಾರರು ಅದನ್ನು ತಿರಸ್ಕರಿಸಿದರು. ಮರುವರ್ಷ ಇಂಪ್ರೆಷನಿಸ್ಟ್ ಕಲಾವಿದರ ಪ್ರದರ್ಶನದಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಇಂದು ಅದು ಪ್ಯಾರಿಸ್ಸಿನ ಒರ್ಸೆ ವಸ್ತುಸಂಗ್ರಹಾಲಯದ ಹೆಸರಾಂತ ಚಿತ್ರಗಳಲ್ಲೊಂದು.

ಅರಗಿನಿಂದ ಪ್ಲಾಸ್ಟಿಕ್‌ವರೆಗೆ

ಮೇಣಕ್ಕೆ ಮಿತಿಯಿತ್ತು. ಅದರ ಮೇಲೆ ನೀರು ನಿಂತರೆ ಬಿಳಿ ಕಲೆ ಉಳಿಯುತ್ತದೆ. 20ನೇ ಶತಮಾನದ ಆರಂಭದಲ್ಲಿ ಅಮೆರಿಕದ ಮನೆಗಳ ಮರದ ನೆಲಕ್ಕೆ ಅರಗಿನ ಲೇಪ ಬಳಕೆಯಲ್ಲಿತ್ತು. ಪುಟ್ಟ ಕೀಟ ಸ್ರವಿಸುವ ಈ ಅರಗಿನ ದೊಡ್ಡ ಪೂರೈಕೆದಾರ ದೇಶ ಭಾರತವೇ. ಚನ್ನಪಟ್ಟಣದ ಗೊಂಬೆಗಳಿಗೆ ಹೊಳಪು ಕೊಡುವುದೂ ಅರಗೇ. ಆದರೆ ನೀರು ನಿಂತರೆ ಅರಗೂ ಬೆಳ್ಳಗಾಗುತ್ತದೆ. ಜರ್ಮನಿಯಲ್ಲಿ ಆಟೊ ಬೇಯರ್ ಮತ್ತು ಸಂಗಡಿಗರು 1937ರಲ್ಲಿ ಪಾಲಿಯುರಿಥೇನ್ ಕಂಡುಹಿಡಿದ ಮೇಲೆ, ಮುಂದಿನ ದಶಕಗಳಲ್ಲಿ ಅದರ ಗಟ್ಟಿ ಲೇಪ ನೆಲಕ್ಕೂ ಬಂತು. ಬ್ರಷ್ ಕಟ್ಟಿದ ಕಾಲುಗಳಿಗೆ ಕೆಲಸ ತಪ್ಪಿತು.

ಹಾಗೆಂದು ಆತಂಕ ಪೂರ್ತಿ ಕಳೆದಿಲ್ಲ. ಲೇಪ ಹಲಗೆಯ ಮೈಯನ್ನು ಕಾಯುತ್ತದೆ, ಹಲಗೆಗಳ ನಡುವಿನ ಸಂದನ್ನಲ್ಲ. ಆದ್ದರಿಂದಲೇ ಇಂದಿಗೂ ಹಲಗೆ ಹಾಸುವ ಮುನ್ನ ಕೆಳಗಿನ ಕಾಂಕ್ರೀಟು ಒಣಗಿದೆಯೇ ಎಂದು ಪರೀಕ್ಷಿಸುತ್ತಾರೆ. ಗೋಡೆಯ ಬದಿಯಲ್ಲಿ ಮರ ಉಬ್ಬಲು ಜಾಗ ಬಿಡುತ್ತಾರೆ. ಬಕೆಟ್ ನೀರು ಸುರಿಯದೆ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸುವಂತೆ ಹೇಳುತ್ತಾರೆ. ಲೂಯಿ ದೊರೆಯ ಅರಮನೆ 1684ರಲ್ಲಿ ಕಲಿತ ಪಾಠ ಇದೇ.