ಮೊಟ್ಟೆಯ ನಿದ್ದೆ ಮತ್ತು ಮೈಸೂರು ರೇಷ್ಮೆ

ರೇಷ್ಮೆಹುಳುವಿನ ಮೊಟ್ಟೆಗಳಲ್ಲಿ ಎರಡು ಬಗೆ. ಕೆಲವು ಹತ್ತು-ಹನ್ನೊಂದು ದಿನಕ್ಕೆ ಒಡೆದು ಮರಿಯಾಗುತ್ತವೆ. ಉಳಿದವು ನಿದ್ದೆಹೋಗಿ, ಒಂದು ಚಳಿಗಾಲ ಕಳೆದ ಮೇಲಷ್ಟೇ ಏಳುತ್ತವೆ. ಕರ್ನಾಟಕದ ರೇಷ್ಮೆ ಕಸುಬು ಹಿಡಿದ ದಾರಿಯನ್ನು ಬಹುಮಟ್ಟಿಗೆ ಈ ನಿದ್ದೆಯೇ ತೀರ್ಮಾನಿಸಿದೆ.

1780ರ ದಶಕದಲ್ಲಿ ಟಿಪ್ಪು ಸುಲ್ತಾನ್ ಬಂಗಾಳದಿಂದ ಹುಳು ತರಿಸಿ ಸಾಕಣೆಗೆ ಏರ್ಪಾಡು ಮಾಡಿದ. ಮುಂದೆ ಇಲ್ಲಿ ನೆಲೆಯೂರಿದ್ದು ಹಸಿರು-ಹಳದಿ ಗೂಡಿನ ಮೈಸೂರು ತಳಿ. ಗೂಡು ಸಣ್ಣದು, ನೂಲೂ ಕಡಿಮೆ. ಆದರೆ ಅದರ ಮೊಟ್ಟೆ ಮಲಗುವುದಿಲ್ಲ. ಬೆಳೆಯ ಮೇಲೆ ಬೆಳೆ ತೆಗೆಯುವ ರೈತನಿಗೆ ಅದಕ್ಕಿಂತ ದೊಡ್ಡ ಗುಣ ಬೇಡ. ವರ್ಷಕ್ಕೆ ಎರಡೇ ಪೀಳಿಗೆ ಕಾಣುವ ಬಿಳಿ ಗೂಡಿನ ದ್ವಿತಳಿಗೆ ನೂಲು ಹೆಚ್ಚು, ಆದರೆ ಮೊಟ್ಟೆಯನ್ನು ಎಬ್ಬಿಸುವುದೇ ಕಷ್ಟ.

ಮಲಗಿಸುವವಳು ತಾಯಿ. ದ್ವಿತಳಿಯ ಮೊಟ್ಟೆ ಸುಮಾರು 25 ಡಿಗ್ರಿ ಶಾಖದಲ್ಲಿ, ಬೆಳಕಿನಲ್ಲಿ ಬಲಿತರೆ, ಅದರಿಂದ ಬೆಳೆದ ಹೆಣ್ಣು ಕೋಶಾವಸ್ಥೆಯಲ್ಲಿರುವಾಗ ಅನ್ನನಾಳದ ಕೆಳಗಿನ ನರಗಂಟು ಒಂದು ಹಾರ್ಮೋನು ಸುರಿಸುತ್ತದೆ. ಅದು ಅಂಡಾಶಯ ಸೇರಿ ಮುಂದಿನ ಪೀಳಿಗೆಯ ಮೊಟ್ಟೆಗಳನ್ನು ಮಲಗಿಸುತ್ತದೆ. 15 ಡಿಗ್ರಿಯ ತಂಪು, ಕತ್ತಲೆಯಲ್ಲಿ ಬಲಿತರೆ ಹಾಗಾಗದು. ಈ ಹಾರ್ಮೋನಿನ ಕೆಲಸವನ್ನು ಜಪಾನಿನ ಫುಕುದಾ ಮತ್ತು ಹಸೆಗಾವಾ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ನಮ್ಮ ಬಯಲುಸೀಮೆಯ ಶಾಖವೇ ಮೊಟ್ಟೆಯನ್ನು ಮಲಗಿಸುತ್ತದೆ. ಎಬ್ಬಿಸುವಷ್ಟು ಚಳಿ ಮಾತ್ರ ಇಲ್ಲಿ ಬೀಳದು.

ನಿದ್ದೆ ಕಣ್ಣಿಗೇ ಕಾಣುತ್ತದೆ. ಹಾಳೆಯ ಮೇಲೆ ಹಳದಿಯಾಗಿದ್ದ ಮೊಟ್ಟೆ ಎರಡು-ಮೂರು ದಿನದಲ್ಲಿ ಕಂದಿ ಬೂದುಬಣ್ಣಕ್ಕೆ ತಿರುಗಿದರೆ ಅದು ಮಲಗಿತೆಂದೇ ಅರ್ಥ. ಅದಕ್ಕೆ ಮುನ್ನ, ಇಟ್ಟ 20 ಗಂಟೆಯ ಹೊತ್ತಿಗೆ, 46 ಡಿಗ್ರಿಗೆ ಕಾಯಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದಾರು ನಿಮಿಷ ಅದ್ದಿ ತೊಳೆದರೆ ಮೊಟ್ಟೆ ಮಲಗದೆ ಮರಿಯಾಗುತ್ತದೆ. ಹಾರ್ಮೋನು ಗೊತ್ತಾಗುವ ಮೊದಲೇ ಜಪಾನಿನ ಮೊಟ್ಟೆ ಕೇಂದ್ರಗಳು ಈ ಉಪಾಯ ಬಳಸುತ್ತಿದ್ದವು. ಕಸುಬಿನವರ ಈ ಜಾಣ್ಮೆಗೆ ತಲೆಬಾಗಲೇಬೇಕು.

ಆಮ್ಲವೇ ಬೇಡದ ಇನ್ನೊಂದು ದಾರಿ ಮಿಶ್ರತಳಿ. ನಿದ್ದೆ ತಾಯಿಯ ಕೈಯಲ್ಲಿರುವುದರಿಂದ, ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡು ಕೂಡಿಸಿದರೆ ಮೊಟ್ಟೆ ಮಲಗುವುದಿಲ್ಲ, ಗೂಡೂ ದಪ್ಪವಾಗುತ್ತದೆ. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಎನ್‌ಬಿ4ಡಿ2 ಅಂಥ ಗಂಡು. 1990ರ ದಶಕದಲ್ಲಿ ಜಪಾನಿನ ನೆರವಿನಿಂದ ಅದೇ ಸಂಸ್ಥೆ ಸಿಎಸ್‌ಆರ್ ದ್ವಿತಳಿಗಳನ್ನು ರೂಪಿಸಿತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಕಡೆ ಹಿಪ್ಪುನೇರಳೆ ಬೆಳೆದು ಹುಳು ಮೇಯಿಸುವ ಮನೆಗೆ ದ್ವಿತಳಿಯ ಚಾಕಿ, ಅಂದರೆ ಎಳೆಯ ಹುಳು, ಬಂದರೆ, ಅದರ ಮೊಟ್ಟೆ ಆಮ್ಲದಲ್ಲೋ ಶೀತಗೃಹದಲ್ಲೋ ನಿದ್ದೆ ಕಳೆದುಕೊಂಡೇ ಬಂದಿರುತ್ತದೆ.