ಕಿರ್ದಿ ಪುಸ್ತಕದಿಂದ ಮದರ್‌ಬೋರ್ಡಿನವರೆಗೆ



ನಮ್ಮ ಸಂಘವು 25 ವರ್ಷ ಪೂರೈಸಿ ಬೆಳ್ಳಿಹಬ್ಬ ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಚರಿತ್ರೆಯ ಲೇಖನ ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಸಂಘ ಹುಟ್ಟಿದ ಬಗೆ, ಕಟ್ಟಡ ಎದ್ದ ಬಗೆ, ಗೊಬ್ಬರದ ಗೋದಾಮು ಆದ ಬಗೆ ಬರೆಯಲು ನಮಗಿಂತ ಬಲ್ಲವರು ಇದ್ದಾರೆ. ಆದ್ದರಿಂದ ನಾವು ಕಾರ್ಯದರ್ಶಿಯವರ ಮೇಜಿನ ಪಕ್ಕದಲ್ಲಿ ಕೂತಿರುವ ಕಂಪ್ಯೂಟರ್ ಪೆಟ್ಟಿಗೆಯ, ಅದರಲ್ಲೂ ಅದರೊಳಗಿನ ಮದರ್‌ಬೋರ್ಡ್ ಎಂಬ ತಾಯಿಹಲಗೆಯ ಚರಿತ್ರೆ ಹೇಳಲು ಹೊರಟಿದ್ದೇವೆ. ರೈತರಿಗೆ ಇದೆಲ್ಲ ಯಾಕೆ ಅಂತ ಕೆಲವರು ಕೇಳಬಹುದು. ಯಾಕೆ ಅನ್ನುವುದಕ್ಕೆ ಉತ್ತರ ಮುಂದೆ ತಾನಾಗಿ ಬರುತ್ತದೆ.

ನಮ್ಮ ದೇಶದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಅಂದಿನಿಂದ ಸಂಘದ ಜೀವ ಇರುವುದು ಲೆಕ್ಕದ ಪುಸ್ತಕದಲ್ಲಿ. ಕಿರ್ದಿ, ಖಾತೆ, ಷೇರು ರಿಜಿಸ್ಟರು ಎಲ್ಲವೂ ಕಪಾಟಿನಲ್ಲಿ ಇರುತ್ತಿದ್ದವು. ಸಂಶಯ ಬಂದ ಸದಸ್ಯ ಪುಟ ತಿರುವಿ, ಓದಲು ಬಾರದಿದ್ದರೆ ಮಗನ ಕೈಲಿ ಓದಿಸಿ, ತನ್ನ ಲೆಕ್ಕ ನೋಡಿಕೊಳ್ಳುತ್ತಿದ್ದ. ಈಗ ಆ ಪುಸ್ತಕ ಪೆಟ್ಟಿಗೆಯೊಳಗೆ ಹೋಗಿದೆ. ಪುಸ್ತಕ ನಮ್ಮದು ಅಂದ ಮೇಲೆ ಪೆಟ್ಟಿಗೆಯೂ ನಮ್ಮದೇ. ಅದರ ಒಳಗು ಹೊರಗು ಒಂದಿಷ್ಟಾದರೂ ನಮಗೆ ಗೊತ್ತಿರಬೇಕು.

ಮದರ್‌ಬೋರ್ಡ್ ಅಂದರೆ ತಾಮ್ರದ ಗೆರೆ ಎಳೆದ ಒಂದು ಗಟ್ಟಿ ಹಲಗೆ. ಲೆಕ್ಕ ಮಾಡುವ ಪ್ರೊಸೆಸರ್, ಆಗಿನ ಕೆಲಸ ನೆನಪಿಡುವ ರ‍್ಯಾಮ್, ಲೆಕ್ಕ ಕಾಯಂ ಇಡುವ ಡಿಸ್ಕು, ಪ್ರಿಂಟರು, ಕೀಲಿಮಣೆ ಎಲ್ಲವೂ ಬಂದು ಕೂಡುವ ಜಾಗ ಇದು. ನಮ್ಮೂರ ಸಂತೆ ಮಾಳದ ಹಾಗೆ. ದಾರಿಗಳೆಲ್ಲ ಇಲ್ಲಿಗೇ ಬರುತ್ತವೆ. ಮೊದಲು ಹೀಗೆ ಒಂದೇ ಹಲಗೆ ಇರಲಿಲ್ಲ. 1975ರಲ್ಲಿ ಅಮೆರಿಕದಲ್ಲಿ ಬಂದ ಆಲ್ಟೇರ್ 8800 ಎಂಬ ಯಂತ್ರದಲ್ಲಿ ಪ್ರೊಸೆಸರಿಗೆ ಒಂದು ಕಾರ್ಡು, ನೆನಪಿಗೆ ಇನ್ನೊಂದು ಕಾರ್ಡು. ಕೊಂಡವರು ಬಿಡಿ ಭಾಗ ತಂದು ಬೆಸುಗೆ ಹಾಕಿ ಕೂಡಿಸಬೇಕಿತ್ತು. 1977ರ ಆಪಲ್ 2 ಯಂತ್ರದಲ್ಲಿ ಮುಖ್ಯ ಭಾಗಗಳೆಲ್ಲ ಒಂದೇ ಹಲಗೆಗೆ ಬಂದವು. ಹೆಚ್ಚಿನ ಕಾರ್ಡು ಚುಚ್ಚಲು 8 ಗೂಡುಗಳೂ ಇದ್ದವು.

ಈ ಚರಿತ್ರೆಯ ದೊಡ್ಡ ತಿರುವು 1981ರ ಆಗಸ್ಟ್ 12. ಅಂದು ಐಬಿಎಂ ಕಂಪನಿ ತನ್ನ ಪರ್ಸನಲ್ ಕಂಪ್ಯೂಟರನ್ನು ಪ್ರಕಟಿಸಿತು. ಹಲಗೆಯ ಮೇಲೆ ಇಂಟೆಲ್ ಕಂಪನಿಯ 8088 ಪ್ರೊಸೆಸರ್, ಕಾರ್ಡಿಗೆ 5 ಗೂಡು. ಹಲಗೆಯನ್ನು ಹೊಂದಿಸುವುದು ಹೇಗಿತ್ತು ಗೊತ್ತೇ? 8 ಪುಟ್ಟ ಸ್ವಿಚ್ಚುಗಳ 2 ಸಾಲುಗಳು ಅದರ ಮೇಲಿದ್ದವು. ನೆನಪು ಎಷ್ಟಿದೆ, ಪರದೆ ಯಾವ ಬಗೆಯದು, ಫ್ಲಾಪಿ ಡ್ರೈವು ಎಷ್ಟು ಎಂಬುದನ್ನು ಪೆನ್ನಿನ ತುದಿಯಿಂದ ಸ್ವಿಚ್ಚು ಮೇಲೆ ಕೆಳಗೆ ಮಾಡಿ ಹೇಳಬೇಕಿತ್ತು. ನೆನಪು ಹೆಚ್ಚಿಸಿ ಸ್ವಿಚ್ಚು ಬದಲಿಸದಿದ್ದರೆ ಯಂತ್ರಕ್ಕೆ ಹೊಸ ನೆನಪು ಕಾಣುತ್ತಲೇ ಇರಲಿಲ್ಲ.

ಆ ಕಂಪನಿ ಮಾಡಿದ ಇನ್ನೊಂದು ಕೆಲಸವೇ ಮುಖ್ಯವಾದದ್ದು. ಹಲಗೆಯ ನಕ್ಷೆಯನ್ನೂ, ಯಂತ್ರ ಶುರುವಾದ ಕೂಡಲೆ ಓಡುವ ಬಯಾಸ್ ಎಂಬ ಮೂಲ ತಂತ್ರಾಂಶವನ್ನೂ ಪುಸ್ತಕದಲ್ಲಿ ಅಚ್ಚು ಹಾಕಿಸಿತು. ಬೇರೆಯವರೂ ಕಾರ್ಡು ತಯಾರಿಸಲಿ, ತಮ್ಮ ಯಂತ್ರದ ಮಾರಾಟ ಹೆಚ್ಚಲಿ ಎಂಬುದು ಉದ್ದೇಶ. ಬಯಾಸ್ ಮಾತ್ರ ಹಕ್ಕಿನ ಸೊತ್ತು, ನಕಲು ಮಾಡುವ ಹಾಗಿರಲಿಲ್ಲ. ಆದರೆ ಬೇರೆ ಕಂಪನಿಯವರು ಅದೇ ಕೆಲಸ ಮಾಡುವ ತಮ್ಮದೇ ಬಯಾಸ್ ಬರೆದುಕೊಂಡರು. 1982ರ ನವೆಂಬರಿನಲ್ಲಿ ಕಾಂಪ್ಯಾಕ್ ಕಂಪನಿ ಅದಕ್ಕೆ ಹೊಂದುವ ಯಂತ್ರ ಪ್ರಕಟಿಸಿತು. ಆಮೇಲೆ ಬಾಗಿಲು ತೆರೆದ ಹಾಗೆ ಆಯಿತು. ಒಬ್ಬರ ಹಲಗೆ, ಇನ್ನೊಬ್ಬರ ಡಿಸ್ಕು, ಮತ್ತೊಬ್ಬರ ಪೆಟ್ಟಿಗೆ ಕೂಡಿಸಿ ಯಂತ್ರ ಕಟ್ಟುವ ಕಾಲ ಬಂತು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಲ್ಲಿ ಇವತ್ತು ಬಿಡಿ ಭಾಗ ತಂದು ನಮ್ಮ ಹುಡುಗರು ಕಂಪ್ಯೂಟರ್ ಕಟ್ಟುತ್ತಾರಲ್ಲ, ಅದರ ಬೇರು ಇಲ್ಲಿದೆ.

1984ರ ಆಗಸ್ಟಿನಲ್ಲಿ ಬಂದ ಐಬಿಎಂನ ಎಟಿ ಯಂತ್ರದ ಹಲಗೆಗೆ ಒಂದು ಗಡಿಯಾರ ಸೇರಿತು. ಯಂತ್ರ ಆರಿಸಿದರೂ ತಾರೀಖು ನಡೆಯುತ್ತಿರಲು ಒಂದು ಬ್ಯಾಟರಿ. ಅದೇ ಬ್ಯಾಟರಿಯ ಬಲದಲ್ಲಿ ಹಲಗೆಯ ಹೊಂದಾಣಿಕೆಗಳನ್ನು ನೆನಪಿಡುವ ಸಿಮೋಸ್ ಎಂಬ ಚಿಕ್ಕ ಜಾಗ. ಸ್ವಿಚ್ಚುಗಳ ಕೆಲಸ ಬಹುಮಟ್ಟಿಗೆ ಅಲ್ಲಿಗೆ ಹೋಯಿತು. ಗಡಿಯಾರದ ಪುಟ್ಟ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು ಎಣಿಸಿ ಎಣಿಸಿ ತಾರೀಖು ಹಿಡಿಯುತ್ತದೆ. ಅದೇ 1984ರ ನವೆಂಬರಿನಲ್ಲಿ ನಮ್ಮ ಕೇಂದ್ರ ಸರಕಾರವು ಹೊಸ ಕಂಪ್ಯೂಟರ್ ನೀತಿ ತಂದು ಆಮದಿನ ಸುಂಕ ಇಳಿಸಿತು.

1990ರ ದಶಕದ ಹಲಗೆ ಕೂಡಿಸುವವರಿಗೆ ಎದೆಗಟ್ಟಿ ಬೇಕಿತ್ತು. ವಿದ್ಯುತ್ ಕೊಡುವ ವೈರಿನ ಗಂಟು ಎರಡು. ಎರಡರ ಕಪ್ಪು ವೈರುಗಳೂ ನಡುವೆ ಅಕ್ಕಪಕ್ಕ ಬರುವ ಹಾಗೆ ಚುಚ್ಚಬೇಕು. ಅದಲು ಬದಲಾದರೆ ಹಲಗೆ ಸುಟ್ಟೇ ಹೋಗುತ್ತಿತ್ತು. ಪ್ರೊಸೆಸರಿನ ವೇಗ, ವೋಲ್ಟೇಜು ಎರಡನ್ನೂ ಜಂಪರ್ ಎಂಬ ಚಿಕ್ಕ ಟೊಪ್ಪಿಗೆಗಳನ್ನು ಕಡ್ಡಿಯಿಂದ ಕಡ್ಡಿಗೆ ಬದಲಿಸಿ ಹೊಂದಿಸಬೇಕಿತ್ತು. 1995ರಲ್ಲಿ ಇಂಟೆಲ್ ಕಂಪನಿ ಎಟಿಎಕ್ಸ್ ಎಂಬ ಅಳತೆ ಪ್ರಕಟಿಸಿತು. ಹಲಗೆ 305 ಮಿಲಿಮೀಟರ್ ಉದ್ದ, 244 ಅಗಲ; ತಿರುಪಿನ ತೂತು ಎಲ್ಲಿ ಎಂಬುದೂ ನಿಗದಿ. ವಿದ್ಯುತ್ತಿಗೆ 20 ಕಡ್ಡಿಯ ಒಂದೇ ಗಂಟು, ತಿರುವುಮುರುವಾಗಿ ಕೂರದ ಹಾಗೆ ಆಕಾರ. ಮುಂದೆ ಅದು 24 ಕಡ್ಡಿಯದಾಯಿತು. 1997ರಲ್ಲಿ 244 ಮಿಲಿಮೀಟರ್ ಚೌಕದ ಮೈಕ್ರೊ ಎಟಿಎಕ್ಸ್ ಬಂತು. 1996ರಲ್ಲಿ ಬಂದ ಯುಎಸ್‌ಬಿಯನ್ನು ರೂಪಿಸಿದವರಲ್ಲಿ ಮುಖ್ಯರಾದ ಅಜಯ್ ಭಟ್ಟರು ಬರೋಡಾದಲ್ಲಿ ಓದಿದವರು ಎಂಬುದು ನಮಗೆ ಹೆಮ್ಮೆಯ ಮಾತು.

ನಮ್ಮ ಸಂಘ ಕಣ್ಣು ಬಿಟ್ಟ ಹೊತ್ತಿಗೆ ಲೋಕದಲ್ಲಿ ತಾರೀಖಿನದೇ ಗಲಾಟೆ. ಹಳೆಯ ಹಲಗೆಗಳ ಗಡಿಯಾರ ವರ್ಷವನ್ನು 2 ಅಂಕಿಗಳಲ್ಲಿ ಎಣಿಸುತ್ತಿದ್ದುದರಿಂದ 2000 ಬಂದಾಗ ಕೆಲವು ಯಂತ್ರಗಳು 1900 ಅಂದುಕೊಳ್ಳುವ ಅಪಾಯ ಇತ್ತು. ಅದಕ್ಕೂ ಮೊದಲು 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ಸು ಏಷ್ಯಾದ ಅನೇಕ ದೇಶಗಳಲ್ಲಿ ಡಿಸ್ಕು ಅಳಿಸಿದ್ದಲ್ಲದೆ ಕೆಲವು ಹಲಗೆಗಳ ಬಯಾಸನ್ನೇ ಕೆಡಿಸಿ ಯಂತ್ರ ಏಳದ ಹಾಗೆ ಮಾಡಿತ್ತು. ಅದೇ ಕಾಲಕ್ಕೆ ನಮ್ಮ ರಾಜ್ಯದಲ್ಲಿ ಭೂಮಿ ಯೋಜನೆ ಬಂದು, ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಕಂಪ್ಯೂಟರ್ ಪಹಣಿ ಸಿಗತೊಡಗಿತು. ನಮ್ಮಲ್ಲಿ ಬಹಳ ಮಂದಿ ಕಂಪ್ಯೂಟರನ್ನು ಮೊದಲು ಕಂಡದ್ದು ಆ ಕಿಟಕಿಯ ಮುಂದೆ ಸರದಿಯಲ್ಲಿ ನಿಂತಾಗಲೇ.

ಇನ್ನು ನಮ್ಮ ಸಂಘದ ಮಾತು. ಕಂಪ್ಯೂಟರ್ ಬಂದು ಕೆಲವು ವರ್ಷ ಸುಸೂತ್ರ ನಡೆಯಿತು. ಆಮೇಲೆ ಒಂದು ಬೇಸಗೆಯಲ್ಲಿ, ಕರೆಂಟು ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗತೊಡಗಿತು. ಸಾಲ ಕಟ್ಟಿದವರ ರಸೀದಿಯ ಮೇಲೆ ಎಷ್ಟೋ ವರ್ಷ ಹಿಂದಿನ ತಾರೀಖು! ಇದು ಸಣ್ಣ ಮಾತಲ್ಲ ನೋಡಿರಿ. ಬೆಳೆಸಾಲಕ್ಕೆ ಶೂನ್ಯ ಬಡ್ಡಿ ಸಿಗುವುದು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. 2023-24ರ ರಾಜ್ಯ ಬಜೆಟ್ಟಿನಲ್ಲಿ ಆ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದ ಮೇಲಂತೂ ಒಂದು ದಿನದ ಹೆಚ್ಚುಕಡಿಮೆಗೂ ಬೆಲೆ ಬಂದಿದೆ. ರಿಪೇರಿಗೆ ಬಂದವನು ಪೆಟ್ಟಿಗೆ ತೆರೆಯದೆಯೇ "ಬೋರ್ಡು ಹೋಗಿದೆ, ಪೂರಾ ಹೊಸದು ತಗೊಳ್ಳಿ" ಅಂದ. ಆಡಳಿತ ಮಂಡಳಿಯಲ್ಲಿ ಚರ್ಚೆಯಾಗಿ, ಡಿಪ್ಲೊಮಾ ಓದುತ್ತಿದ್ದ ಊರ ಹುಡುಗನನ್ನು ಕರೆಸಿದೆವು. ಅವನು ಪೆಟ್ಟಿಗೆ ಬಿಚ್ಚಿ, ಹಲಗೆಯ ಮೇಲಿದ್ದ ಗುಂಡಿಯಂಥ ಸಿಆರ್ 2032 ಬ್ಯಾಟರಿ ಬದಲಿಸಿ, ತಾರೀಖು ಸರಿಪಡಿಸಿದ. 3 ವೋಲ್ಟಿನ ಬ್ಯಾಟರಿ, ಖರ್ಚು ಒಂದು ಊಟದ್ದೂ ಅಲ್ಲ. ತಪ್ಪು ತಾರೀಖಿನ ರಸೀದಿಗಳನ್ನು ಕೈಬರಹದ ಕಿರ್ದಿಯ ಜೊತೆ ತಾಳೆ ನೋಡಿ, ಹೊಸ ರಸೀದಿ ಕೊಟ್ಟದ್ದು ಕಾರ್ಯದರ್ಶಿಯವರ ಶ್ರಮ. ಕಿರ್ದಿ ಪುಸ್ತಕ ಬಿಡದೆ ಬರೆದಿದ್ದರಿಂದ ಯಾವ ಸದಸ್ಯನಿಗೂ ನಷ್ಟವಾಗಲಿಲ್ಲ.

ಅಂದಿನಿಂದ ಹಲಗೆ ಬದಲಿಸುವ ಕೆಲಸ ಬಂದಾಗ ನಿರ್ದೇಶಕರಲ್ಲಿ ಒಬ್ಬರಾದರೂ ಪಕ್ಕದಲ್ಲಿ ಕೂತು ನೋಡುವ ಪದ್ಧತಿ ಇಟ್ಟುಕೊಂಡಿದ್ದೇವೆ. ನೋಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತೇವೆ. ಮೊದಲು ಪ್ಲಗ್ಗು ಕೀಳಬೇಕು. ಎಟಿಎಕ್ಸ್ ಬಂದ ಮೇಲೆ ಯಂತ್ರ ಆರಿಸಿದರೂ ಹಲಗೆಗೆ 5 ವೋಲ್ಟು ಹರಿಯುತ್ತಲೇ ಇರುತ್ತದೆ. ಒಣ ಹವೆಯಲ್ಲಿ ಮೈಯಲ್ಲಿ ಕೂಡುವ ಸ್ಥಿರ ವಿದ್ಯುತ್ತು ಚಿಪ್ಪು ಕೆಡಿಸೀತು, ಆದ್ದರಿಂದ ಪೆಟ್ಟಿಗೆಯ ಕಬ್ಬಿಣ ಮುಟ್ಟಿ ಕೆಲಸಕ್ಕೆ ಇಳಿಯಬೇಕು. ಹಲಗೆಯ ಕೆಳಗೆ ಹಿತ್ತಾಳೆಯ ಗಿಡ್ಡ ಕಾಲುಗಳು ತೂತಿಗೆ ಸರಿಯಾಗಿ ಬರಬೇಕು. ಹೆಚ್ಚಿನ ಕಾಲು ಒಂದು ಉಳಿದರೂ ಹಲಗೆಯ ಬೆನ್ನಿಗೆ ತಾಗಿ ಶಾರ್ಟ್ ಆಗಬಹುದು. ಪ್ರೊಸೆಸರಿನ ಮೂಲೆಯ ತ್ರಿಕೋನ ಗುರುತು ಹಲಗೆಯ ಗುರುತಿಗೆ ಕೂಡಬೇಕು, ಒತ್ತಡ ಹಾಕಬಾರದು. 2004ರಿಂದ ಇಂಟೆಲ್ ಹಲಗೆಗಳಲ್ಲಿ ಕೂದಲೆಳೆಯಂಥ ಕಡ್ಡಿಗಳು ಹಲಗೆಯಲ್ಲೇ ಇರುತ್ತವೆ, ಬಾಗಿದರೆ ಹಲಗೆಯೇ ದಂಡ. ಪ್ರೊಸೆಸರ್ ಮೇಲೆ ಪೇಸ್ಟು ಹಚ್ಚಿ ಫ್ಯಾನು ಕೂಡಿಸಿ, ಫ್ಯಾನಿನ ವೈರು ಚುಚ್ಚಲು ಮರೆಯಬಾರದು. ರ‍್ಯಾಮಿನ ಕಚ್ಚು ಗೂಡಿನ ಕಚ್ಚಿಗೆ ಕೂಡಿದರೆ ಮಾತ್ರ ಕೂರುತ್ತದೆ. ಡಿಡಿಆರ್ 3ರ ಗೂಡಿಗೆ ಡಿಡಿಆರ್ 4 ಹೋಗದು. 24 ಕಡ್ಡಿಯ ಗಂಟಿನ ಜೊತೆ ಪ್ರೊಸೆಸರಿಗೆ ಬೇರೆ 12 ವೋಲ್ಟಿನ ಗಂಟೂ ಇರುತ್ತದೆ. ಅದನ್ನು ಬಿಟ್ಟರೆ ಫ್ಯಾನು ತಿರುಗಿದರೂ ಪರದೆ ಬೆಳಗದು.

ಹೊಂದಿಸುವುದು ಈಗ ಪರದೆಯ ಮೇಲೆ. ಬಯಾಸ್ ಜಾಗಕ್ಕೆ ಯುಇಎಫ್‌ಐ ಬಂದಿದೆ. ಅದನ್ನು ನೋಡಿಕೊಳ್ಳುವ ಒಕ್ಕೂಟ 2005ರಲ್ಲಿ ಆಯಿತು. ಅಲ್ಲಿ ಮೊದಲು ತಾರೀಖು ನೋಡಬೇಕು. ತಾರೀಖು ತಪ್ಪಿದ್ದರೆ ರಸೀದಿ ಒಂದೇ ಅಲ್ಲ, ಸುರಕ್ಷಿತ ಸರ್ವರುಗಳೂ ನಮ್ಮ ಯಂತ್ರವನ್ನು ಒಳಗೆ ಬಿಡುವುದಿಲ್ಲ. ಯಾವ ಡಿಸ್ಕಿನಿಂದ ಶುರುವಾಗಬೇಕು, ಪ್ರೊಸೆಸರ್ ಎಷ್ಟು ಬಿಸಿ ಇದೆ ಎಂಬುದನ್ನೂ ಅಲ್ಲೇ ನೋಡಬೇಕು. ಪಾಸ್‌ವರ್ಡ್ ಇಟ್ಟರೆ ಮುಚ್ಚಿದ ಲಕೋಟೆಯಲ್ಲಿ ಸಂಘದ ತಿಜೋರಿಯಲ್ಲಿ ಒಂದು ಪ್ರತಿ ಇರಬೇಕು.

ಇಂದಿನ ಪ್ರಶ್ನೆಗೆ ಬರೋಣ. 2022ರ ಜೂನ್ 29ರಂದು ಕೇಂದ್ರ ಸಚಿವ ಸಂಪುಟವು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಸಂಘಗಳ ಲೆಕ್ಕ ಒಂದೇ ತಂತ್ರಾಂಶಕ್ಕೆ ಸೇರುತ್ತಿದೆ. ಇತ್ತ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹಲಗೆಯಲ್ಲಿ ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಬೇಕು. ಹಲವು ಹಲಗೆಗಳಲ್ಲಿ ಅದು ಇದ್ದೂ ಆರಿಸಿಟ್ಟಿರುತ್ತದೆ. ಪ್ರೊಸೆಸರ್ ಸಾಕಷ್ಟು ಹೊಸದಿದ್ದರೆ ಆ ವ್ಯವಸ್ಥೆ ಚಾಲೂ ಮಾಡಿದರೆ ಸಾಕು, ಹೊಸ ಯಂತ್ರ ಬೇಕಿಲ್ಲ. ಇನ್ನೊಂದು ಎಚ್ಚರ: ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಹಲಗೆ ಬದಲಿಸಿದ ಕೂಡಲೆ ಅದು 48 ಅಂಕಿಗಳ ಕೀಲಿ ಕೇಳುತ್ತದೆ. ಆ ಕೀಲಿ ಬರೆದಿಟ್ಟಿರದಿದ್ದರೆ ಡಿಸ್ಕು ಗಟ್ಟಿಯಿದ್ದರೂ ಅದರೊಳಗಿನ ಲೆಕ್ಕ ಸಿಗದು.

ಆದ್ದರಿಂದ ಮುಂದಿನ ಮಹಾಸಭೆಯ ಮುಂದೆ ನಾವು ಕೆಲವು ವಿಚಾರ ಇಡುತ್ತೇವೆ. ಯಂತ್ರ ಕೊಳ್ಳುವಾಗ ಹಲಗೆ ಎಟಿಎಕ್ಸ್ ಅಥವಾ ಮೈಕ್ರೊ ಎಟಿಎಕ್ಸ್ ಅಳತೆಯದೇ ಎಂದು ಕೇಳಿ ಕೊಳ್ಳೋಣ. ತಮ್ಮದೇ ಬೇರೆ ಅಳತೆ ಮಾಡಿದವರ ಯಂತ್ರಕ್ಕೆ ಮುಂದೆ ಅವರೇ ಗತಿ. ರಿಪೇರಿ ಪಟ್ಟಿಯಲ್ಲಿ ಪ್ರತಿ ಭಾಗದ ಬೆಲೆ ಬೇರೆ ಬೇರೆ ಬರೆಸೋಣ, ತೆಗೆದ ಹಳೆ ಭಾಗ ಕಣ್ಣಿಂದ ನೋಡೋಣ. ಹಲಗೆಯ ಕೈಪಿಡಿ, ಬ್ಯಾಟರಿ ಬದಲಿಸಿದ ತಾರೀಖು, ಡಿಸ್ಕಿನ ಕೀಲಿ ಇವನ್ನು ಒಂದು ರಿಜಿಸ್ಟರಿನಲ್ಲಿ ಇಡೋಣ. ಊರಿನ ಇಬ್ಬರು ಮಕ್ಕಳಿಗೆ, ಅದರಲ್ಲಿ ಒಬ್ಬಳು ಹೆಣ್ಣುಮಗಳು ಇರಲಿ, ಈ ಕೆಲಸದ ತರಬೇತಿ ಸಂಘದ ಖರ್ಚಿನಲ್ಲಿ ಕೊಡಿಸೋಣ.

ನಕ್ಷೆ ಒಬ್ಬರ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದರೆ ಈ ಯಂತ್ರ ಹಳ್ಳಿಗೆ ಇಷ್ಟು ಸುಲಭವಾಗಿ ಬರುತ್ತಿರಲಿಲ್ಲ. ಅಳತೆ ಎಲ್ಲರಿಗೂ ಗೊತ್ತಿರಬೇಕು, ಲೆಕ್ಕ ಎಲ್ಲರಿಗೂ ಕಾಣಬೇಕು ಎಂಬುದು ಸಹಕಾರದ ಮಾತೂ ಹೌದು. ಮುಂದಿನ 25 ವರ್ಷದಲ್ಲಿ ಪೆಟ್ಟಿಗೆ ಯಾವ ರೂಪದಲ್ಲಿ ಬಂದರೂ, ಅದನ್ನು ತೆರೆದು ನೋಡಬಲ್ಲವರು ನಮ್ಮೂರಿನಲ್ಲೇ ಇರಲಿ ಎಂದು ಹಾರೈಸುತ್ತಾ ಸಮಸ್ತ ಸದಸ್ಯರಿಗೆ ಬೆಳ್ಳಿಹಬ್ಬದ ಶುಭಾಶಯ ಕೋರುತ್ತೇವೆ.

ಜೈ ಸಹಕಾರ.