ಜಾಡುಸೂಚಕ ವಿಧಾನದ ಉಗಮ ಮತ್ತು ಮೊದಲನೆಯ ಮಹಾಯುದ್ಧದ ಕಂದಕಗಳು

ಜೀವರಸಾಯನಶಾಸ್ತ್ರದಲ್ಲಿ ವಿಕಿರಣಶೀಲ ಜಾಡುಸೂಚಕಗಳ ಅಥವಾ ಟ್ರೇಸರುಗಳ ಚರಿತ್ರೆಯನ್ನು ಸಾಮಾನ್ಯವಾಗಿ ಮೂರು ಘಟ್ಟಗಳಲ್ಲಿ ನಿರೂಪಿಸಲಾಗುತ್ತದೆ: 1913ರಲ್ಲಿ ವಿಧಾನದ ಉಗಮ, 1923ರಲ್ಲಿ ಸಸ್ಯಗಳ ಮೇಲಿನ ಪ್ರಯೋಗ, 1935ರಲ್ಲಿ ಜೀವದೇಹದ ಸಹಜ ಧಾತುಗಳಿಗೆ ಅದರ ವಿಸ್ತರಣೆ. ಮೊದಲ ಎರಡು ಘಟ್ಟಗಳ ನಡುವಿನ ಹತ್ತು ವರ್ಷಗಳ ಬಗ್ಗೆ ಈ ನಿರೂಪಣೆ ಹೆಚ್ಚೇನೂ ಹೇಳುವುದಿಲ್ಲ. ಆ ಅವಧಿಯ ಬಹುಭಾಗವು ಮಹಾಯುದ್ಧದ ಹಾಗೂ ಅದರ ನಂತರದ ಕ್ಷೋಭೆಯ ಕಾಲವಾಗಿತ್ತು. ಮ್ಯಾಂಚೆಸ್ಟರಿನ ಒಂದೇ ಪ್ರಯೋಗಾಲಯದಲ್ಲಿ ದುಡಿದ ಇಬ್ಬರು ಮಿತ್ರರ ಬದುಕನ್ನು ಜೊತೆಗಿರಿಸಿ ನೋಡಿದಾಗ ಈ ಮೌನದ ಅರ್ಥ ಸ್ಪಷ್ಟವಾಗುತ್ತದೆ.

ಹಂಗೇರಿಯ ಜಾರ್ಜ್ ಹೆವೆಶಿ 1911ರಲ್ಲಿ ರುದರ್‌ಫರ್ಡರ ಪ್ರಯೋಗಾಲಯವನ್ನು ಸೇರಿದರು. ಅಪಾರ ಪ್ರಮಾಣದ ಸೀಸದಲ್ಲಿ ಬೆರೆತಿದ್ದ ‘ರೇಡಿಯಂ-ಡಿ’ ಎಂಬ ವಿಕಿರಣಶೀಲ ವಸ್ತುವನ್ನು ಬೇರ್ಪಡಿಸುವ ಕಾರ್ಯವನ್ನು ಅವರಿಗೆ ವಹಿಸಲಾಯಿತು. ಎಷ್ಟು ಪ್ರಯತ್ನಿಸಿದರೂ ಅದು ಕೈಗೂಡಲಿಲ್ಲ. ರೇಡಿಯಂ-ಡಿ ಸೀಸದ್ದೇ ಒಂದು ಸಮಸ್ಥಾನಿಯಾದ್ದರಿಂದ ರಾಸಾಯನಿಕ ವಿಧಾನಗಳಿಂದ ಅದನ್ನು ಬೇರ್ಪಡಿಸುವುದು ಸಾಧ್ಯವಿರಲಿಲ್ಲ. ಈ ಸೋಲಿನಿಂದಲೇ ಹೊಸ ವಿಚಾರವೊಂದು ಮೂಡಿತು. ಬೇರ್ಪಡಿಸಲಾಗದ ವಸ್ತುವು ಸೀಸ ಹೋದೆಡೆಗೆಲ್ಲ ಹೋಗಲೇಬೇಕು. ಅದರ ವಿಕಿರಣವನ್ನು ಅಳೆದರೆ ಸೀಸದ ಜಾಡು ತಿಳಿಯುತ್ತದೆ. 1913ರಲ್ಲಿ ವಿಯೆನ್ನಾದ ರೇಡಿಯಂ ಸಂಸ್ಥೆಯಲ್ಲಿ ಹೆವೆಶಿ ಮತ್ತು ಫ್ರಿಟ್ಸ್ ಪಾನೆತ್ ಈ ತತ್ತ್ವವನ್ನು ಬಳಸಿ, ನೀರಿನಲ್ಲಿ ಅತ್ಯಲ್ಪವಾಗಿ ಕರಗುವ ಸೀಸದ ಲವಣಗಳ ವಿಲೀನತೆಯನ್ನು ಅಳೆದರು.

ಮ್ಯಾಂಚೆಸ್ಟರಿನಲ್ಲಿ ಹೆವೆಶಿಯವರ ಮಿತ್ರರಾಗಿದ್ದ ಹೆನ್ರಿ ಮೋಸ್ಲಿಯವರು 1913–14ರಲ್ಲಿ ಧಾತುಗಳು ಹೊರಸೂಸುವ ಕ್ಷ-ಕಿರಣಗಳನ್ನು ಅಳೆದು, ಆವರ್ತಕೋಷ್ಟಕದ ಕ್ರಮಕ್ಕೆ ಪರಮಾಣು ಸಂಖ್ಯೆಯೇ ಆಧಾರವೆಂದು ತೋರಿಸಿದರು. ಯುದ್ಧ ಆರಂಭವಾದಾಗ ಅವರು ವೈಜ್ಞಾನಿಕ ಸಮ್ಮೇಳನಕ್ಕಾಗಿ ಆಸ್ಟ್ರೇಲಿಯದಲ್ಲಿದ್ದರು. ಇಂಗ್ಲೆಂಡಿಗೆ ಮರಳಿ ರಾಯಲ್ ಎಂಜಿನಿಯರ್ಸ್ ದಳವನ್ನು ಸೇರಿದರು. 1915ರಲ್ಲಿ 38ನೆಯ ಬ್ರಿಗೇಡಿನ ಸಂಕೇತಾಧಿಕಾರಿಯಾಗಿ ಗ್ಯಾಲಿಪೊಲಿಗೆ ತೆರಳಿದರು.

ಗ್ಯಾಲಿಪೊಲಿಯ ಕಂದಕ ಜೀವನದಲ್ಲಿ ಗುಂಡಿನಷ್ಟೇ ಭೀಕರವಾದ ಶತ್ರುಗಳು ಬೇರೆಯೂ ಇದ್ದವು. ಕೆಲವೆಡೆ ಉಭಯ ಪಕ್ಷಗಳ ಕಂದಕಗಳ ನಡುವೆ ಕೆಲವೇ ಗಜಗಳ ಅಂತರವಿತ್ತು. ಕುಡಿಯುವ ನೀರಿನ ಬಹುಪಾಲನ್ನು ಹಡಗುಗಳಲ್ಲಿ ತರಬೇಕಿತ್ತು. ಬೇಸಿಗೆಯ ಬಿಸಿಲಿನಲ್ಲಿ ಹೂಳದೆ ಉಳಿದ ಶವಗಳು, ಅವುಗಳಿಗೆ ಮುತ್ತಿದ ನೊಣಗಳು, ಅದರಿಂದ ಹಬ್ಬಿದ ಆಮಶಂಕೆ ಸೈನ್ಯವನ್ನು ಕುಗ್ಗಿಸಿದವು. ಮೇ 24ರಂದು ಶವಗಳನ್ನು ಹೂಳುವುದಕ್ಕಾಗಿಯೇ ಎರಡೂ ಪಕ್ಷಗಳು ಕದನವಿರಾಮಕ್ಕೆ ಒಪ್ಪಬೇಕಾಯಿತು. ಹಗಲಿರುಳು ಕಾಡುವ ನೊಣಗಳ ವಿಷಯವನ್ನು ಮೋಸ್ಲಿಯವರೂ ಮನೆಗೆ ಬರೆದ ಪತ್ರದಲ್ಲಿ ಪ್ರಸ್ತಾಪಿಸಿದ್ದಾರೆ. 1915ರ ಆಗಸ್ಟ್ 10ರ ಮುಂಜಾನೆ ಚುನುಕ್ ಬೈರ್ ಶಿಖರದಿಂದ ಮುಸ್ತಫಾ ಕೆಮಾಲ್ ನೇತೃತ್ವದ ತುರ್ಕಿ ಸೈನ್ಯವು ಪ್ರತಿದಾಳಿ ನಡೆಸಿತು. ಅಂದಿನ ಕಾಳಗದಲ್ಲಿ ದೂರವಾಣಿಯ ಮೂಲಕ ಆದೇಶ ರವಾನಿಸುತ್ತಿದ್ದ ಮೋಸ್ಲಿಯವರ ತಲೆಗೆ ಗುಂಡು ತಗುಲಿತು. ಆಗ ಅವರಿಗೆ 27 ವರ್ಷ. ಅವರ ಸಮಾಧಿ ಎಲ್ಲಿದೆಯೆಂದು ತಿಳಿಯದು. ಹೆಸರು ಮಾತ್ರ ಹೆಲೆಸ್ ಸ್ಮಾರಕದಲ್ಲಿದೆ. ತಮ್ಮ ಆಸ್ತಿಯನ್ನು ಅವರು ವೈಜ್ಞಾನಿಕ ಸಂಶೋಧನೆಗೆಂದು ರಾಯಲ್ ಸೊಸೈಟಿಗೆ ಬರೆದಿಟ್ಟಿದ್ದರು.

ಅದೇ ಕಾಲದಲ್ಲಿ ಹೆವೆಶಿ ಎದುರು ಪಾಳೆಯದಲ್ಲಿದ್ದರು. ತುರ್ಕಿಯ ಮಿತ್ರರಾಷ್ಟ್ರವಾಗಿದ್ದ ಆಸ್ಟ್ರಿಯಾ-ಹಂಗೇರಿಯ ಸೈನ್ಯವು ಅವರನ್ನು ಸೇವೆಗೆ ಕರೆದುಕೊಂಡು ತಾಂತ್ರಿಕ ಮೇಲ್ವಿಚಾರಣೆಯ ಕೆಲಸಕ್ಕೆ ನೇಮಿಸಿತ್ತು. ಪ್ರಯೋಗಾಲಯಕ್ಕೆ ಮರಳಿದ ಅವರು 1920ರಲ್ಲಿ ನೀಲ್ಸ್ ಬೋರರ ಕೋಪನ್‌ಹೇಗನ್ ಸಂಸ್ಥೆಯನ್ನು ಸೇರಿದರು. 1923ರಲ್ಲಿ ಅವರ ಎರಡು ಸಾಧನೆಗಳು ಪ್ರಕಟವಾದವು. ಡರ್ಕ್ ಕಾಸ್ಟರರೊಡನೆ 72ನೆಯ ಧಾತುವಾದ ಹ್ಯಾಫ್ನಿಯಮ್ಮನ್ನು ಕಂಡುಹಿಡಿದುದು ಮೊದಲನೆಯದು. ಇದಕ್ಕೆ ಬಳಸಿದ್ದು ಮೋಸ್ಲಿಯವರ ಕ್ಷ-ಕಿರಣ ವಿಧಾನವನ್ನೇ. ಅವರೆಕಾಯಿಯ ಜಾತಿಗೆ ಸೇರಿದ ಒಂದು ಸಸ್ಯದ ಬೇರುಗಳು ಸೀಸವನ್ನು ಹೀರುವ ಬಗೆಯನ್ನು 10.6 ಗಂಟೆ ಅರ್ಧಾಯುಷ್ಯದ ವಿಕಿರಣಶೀಲ ಸೀಸದಿಂದ ಗುರುತಿಸಿದುದು ಎರಡನೆಯದು. ಜೀವಿಗಳಲ್ಲಿ ಜಾಡುಸೂಚಕವನ್ನು ಬಳಸಿದ ಪ್ರಥಮ ಪ್ರಯೋಗವಿದು.

ವಿಳಂಬಕ್ಕೆ ಯುದ್ಧವೊಂದೇ ಕಾರಣವೆಂದು ಹೇಳಲಾಗದು. ನಿಸರ್ಗದಲ್ಲಿ ಆಗ ದೊರೆಯುತ್ತಿದ್ದ ಜಾಡುಸೂಚಕಗಳು ಸೀಸ, ಬಿಸ್ಮತ್‌ಗಳಂತಹ ಭಾರಧಾತುಗಳಿಗೆ ಸೀಮಿತವಾಗಿದ್ದವು. 1934ರಲ್ಲಿ ಕೃತಕ ವಿಕಿರಣಶೀಲತೆ ಪತ್ತೆಯಾದ ಮೇಲೆ ಈ ತೊಡಕು ನಿವಾರಣೆಯಾಯಿತು. 1935ರಲ್ಲಿ ಹೆವೆಶಿ ಮತ್ತು ಕೀವಿಟ್ಸ್ 14.3 ದಿನಗಳ ಅರ್ಧಾಯುಷ್ಯದ ರಂಜಕ-32ನ್ನು ಇಲಿಗಳಿಗೆ ಉಣಿಸಿದರು. ರಂಜಕದ ಪರಮಾಣುವೊಂದು ಇಲಿಯ ದೇಹದಲ್ಲಿ ಸರಾಸರಿ ಎರಡು ತಿಂಗಳು ಉಳಿಯುತ್ತದೆಂದೂ, ಸ್ಥಿರವೆಂದು ತೋರುವ ಮೂಳೆಯೂ ನಿರಂತರವಾಗಿ ನವೀಕರಣಗೊಳ್ಳುತ್ತದೆಂದೂ ಅವರು ನಿರ್ಣಯಿಸಿದರು. ಜಾಡುಸೂಚಕ ವಿಧಾನಕ್ಕಾಗಿ ಹೆವೆಶಿಯವರಿಗೆ 1943ನೆಯ ಸಾಲಿನ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಅದೇ 1943ರಲ್ಲಿ ಕಂದಕ ಯುದ್ಧದ ನೆರಳು ಈ ಕ್ಷೇತ್ರವನ್ನು ಮತ್ತೊಮ್ಮೆ ತಾಕಿತು. ಮಾರ್ಟಿನ್ ಕಾಮೆನ್‌ರೊಡನೆ 1940ರಲ್ಲಿ ಇಂಗಾಲ-14ನ್ನು ಪತ್ತೆ ಮಾಡಿದ್ದ ಬರ್ಕ್ಲಿಯ ಸ್ಯಾಮ್ಯುಯೆಲ್ ರೂಬೆನ್, ಯುದ್ಧಸಂಬಂಧಿ ಸಂಶೋಧನೆಯಲ್ಲಿ ತೊಡಗಿದ್ದಾಗ ಫಾಸ್ಜೀನ್ ವಿಷಾನಿಲಕ್ಕೆ ಸಿಲುಕಿ 29ನೆಯ ವಯಸ್ಸಿನಲ್ಲಿ ಮೃತಪಟ್ಟರು. 1915ರ ಡಿಸೆಂಬರಿನಲ್ಲಿ ಈಪ್ರ್ ಬಳಿಯ ಬ್ರಿಟಿಷ್ ಕಂದಕಗಳ ಮೇಲೆ ಜರ್ಮನರು ಹರಿಯಬಿಟ್ಟ ಅನಿಲಗಳಲ್ಲಿ ಫಾಸ್ಜೀನೂ ಒಂದಾಗಿತ್ತು. ದ್ಯುತಿಸಂಶ್ಲೇಷಣೆಯಲ್ಲಿ ಇಂಗಾಲದ ಹಾದಿಯನ್ನು ಇಂಗಾಲ-14ರಿಂದ ಗುರುತಿಸುವ ಕಾರ್ಯವನ್ನು ಮೆಲ್ವಿನ್ ಕ್ಯಾಲ್ವಿನ್ ಮತ್ತು ಸಹೋದ್ಯೋಗಿಗಳು ಪೂರೈಸಿದರು.

ಯುದ್ಧವು ವಿಜ್ಞಾನಕ್ಕೆ ಚಾಲನೆ ನೀಡುತ್ತದೆಂಬ ಮಾತು ರೂಢಿಯಲ್ಲಿದೆ. ಜಾಡುಸೂಚಕಗಳ ಚರಿತ್ರೆಯು ಆ ಮಾತನ್ನು ಪೂರ್ಣವಾಗಿ ಸಮರ್ಥಿಸುವುದಿಲ್ಲ. ಮೋಸ್ಲಿಯವರ ವಿಧಾನವನ್ನು ಮಿತ್ರರು ಮುಂದುವರಿಸಿದರು, ರೂಬೆನ್ನರ ಸಮಸ್ಥಾನಿಯನ್ನು ಇತರರು ಬಳಸಿದರು. ಆದರೆ ಅವರಿಬ್ಬರೇ ಬದುಕಿದ್ದು ಮಾಡಬಹುದಾಗಿದ್ದ ಕೆಲಸವು ಯಾವ ದಾಖಲೆಯಲ್ಲೂ ಸಿಗುವಂಥದಲ್ಲ. ಮೋಸ್ಲಿಯವರ ನಿಧನಾನಂತರ ರುದರ್‌ಫರ್ಡ್ ಅವರು ‘ನೇಚರ್’ ಪತ್ರಿಕೆಯಲ್ಲಿ, ಅಂತಹವರ ಪ್ರತಿಭೆಯನ್ನು ಸೈನ್ಯವು ಬಳಸಿಕೊಂಡ ರೀತಿಗೆ ವಿಷಾದ ವ್ಯಕ್ತಪಡಿಸಿದ್ದರು. 1913 ಮತ್ತು 1923ರ ನಡುವಿನ ಅವಧಿಯನ್ನು ವಿಜ್ಞಾನದ ಚರಿತ್ರಕಾರರು ಈ ನಷ್ಟವನ್ನೂ ಗಣಿಸಿ ಬರೆಯುವುದು ಅಗತ್ಯ.